ಇಟಲಿಯ ಆಫೀಸಿನಲ್ಲಿ 'ನಿಮಗೆ ಚೆನ್ನಾಗಿ ಒಪ್ಪುತ್ತೆ' ಅನ್ನುವುದು ಹೇಗೆ: ಯಾವ ಮಾತು, ಯಾರಿಗೆ, ಯಾವಾಗ

ನಮ್ಮಪ್ಪ ದಾವಣಗೆರೆಯಲ್ಲಿ ಟೈಲರ್. ಹೊಸ ಅಂಗಿ ಹಾಕಿಕೊಂಡು ಗಿರಾಕಿ ಕನ್ನಡಿ ಮುಂದೆ ನಿಂತಾಗ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಭುಜದಾಗೆ ಎಷ್ಟ್ ಚೆನ್ನಾಗಿ ಕುಂತೈತಿ ನೋಡ್ರಿ, ನಿಮಗೆ ಭಾಳ ಒಪ್ತೈತಿ." ನೀವು ಚೆಂದ ಇದೀರಿ ಎಂದು ಅವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ. ಹೊಗಳುತ್ತಿದ್ದದ್ದು ಬಟ್ಟೆಯನ್ನು. ಅರಳುತ್ತಿದ್ದದ್ದು ಹಾಕಿಕೊಂಡವರ ಮುಖ.

ಕೆಲಸಕ್ಕೆಂದು ಮಿಲಾನ್‌ಗೆ ಬಂದ ಮೇಲೆ ಇದೇ ಮಾತನ್ನು ಇಟಾಲಿಯನ್‌ನಲ್ಲಿ ಹೇಳಲು ನನಗೆ ಸುಮಾರು ಕಾಲ ಹಿಡಿಯಿತು. ಬಂದ ಹೊಸದರಲ್ಲಿ ಒಬ್ಬ ಸಹೋದ್ಯೋಗಿ ಗಿರಾಕಿಗಳ ಮುಂದೆ ಮಾತಾಡಲು ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬಂದಿದ್ದರು. ಧೈರ್ಯ ತುಂಬೋಣ ಅಂತ ನಾನು 'ಸೇಯ್ ಬೆಲ್ಲಿಸ್ಸಿಮಾ' ಅಂದೆ. ಮೊಬೈಲ್ ಆ್ಯಪ್‌ನಲ್ಲಿ ಕಲಿತದ್ದು ಅದು. ಅವರು ಮೆಲ್ಲಗೆ 'ಗ್ರಾತ್ಸಿಯೆ' ಎಂದು ಹೇಳಿ ಲ್ಯಾಪ್‌ಟಾಪ್ ಕಡೆ ತಿರುಗಿಬಿಟ್ಟರು. ಮಧ್ಯಾಹ್ನ ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ನಾನು ಹೇಳಿದ್ದು 'ನೀನು ತುಂಬಾ ಸುಂದರಿ' ಎಂದು. ವ್ಯಾಕರಣದಲ್ಲಿ ಯಾವ ತಪ್ಪೂ ಇರಲಿಲ್ಲ. ಆ ಜಾಗಕ್ಕೆ, ಆ ಹೊತ್ತಿಗೆ ಹೊಂದುವ ಮಾತು ಅದಾಗಿರಲಿಲ್ಲ.

ಇಟಲಿಯ ಕಂಪನಿಗಳ ಜೊತೆ ಕೆಲಸ ಮಾಡುವ, ಓದಲು ಅಥವಾ ನೌಕರಿಗೆ ಅಲ್ಲಿಗೆ ಹೋಗುವ ನಮ್ಮವರು ಈಗ ಜಾಸ್ತಿ ಆಗಿದ್ದಾರೆ. ನಾನು ಪಟ್ಟ ಮುಜುಗರ ಅವರಿಗೆ ಬೇಡ. ಕೇಳಿಸಿಕೊಂಡವರಿಗಂತೂ ಬೇಡವೇ ಬೇಡ. ಅದಕ್ಕೇ ಆಫೀಸಿನಲ್ಲಿ ಮೆಚ್ಚುಗೆ ಹೇಳುವ ಮಾತುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುತ್ತೇನೆ.

ಮೊದಲು: ತು ಅಥವಾ ಲೇಯಿ?

ಯಾವ ಮಾತು ಆರಿಸುವ ಮೊದಲೂ ಇದು ಇತ್ಯರ್ಥ ಆಗಬೇಕು. ತು ಅಂದರೆ ನಮ್ಮ 'ನೀನು'. ಲೇಯಿ ಅಂದರೆ 'ನೀವು'. ಈ ಲೇಯಿಗೆ 'ಅವಳು' ಎಂಬ ಅರ್ಥವೂ ಇದೆ. ಆದರೂ ಎದುರಿಗಿರುವ ಗಂಡಸಿಗೂ ಲೇಯಿ ಎಂದೇ ಹೇಳಬೇಕು. ಮೊದಮೊದಲು ವಿಚಿತ್ರ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಮಿಲಾನ್‌ನ ಆಫೀಸುಗಳಲ್ಲಿ ಸಹೋದ್ಯೋಗಿಗಳು ಬೇಗ ತು‌ಗೆ ಇಳಿಯುತ್ತಾರೆ. ಗಿರಾಕಿ, ವಕೀಲರು, ಬೇರೆ ಕಂಪನಿಯ ಹಿರಿಯರು ಅಂದರೆ ಲೇಯಿ. 'ಚಿ ದಿಯಾಮೊ ದೆಲ್ ತು?' ಎಂದು ಅವರೇ ಕೇಳುವವರೆಗೆ ಕಾಯಿರಿ. 'ಏಕವಚನದಲ್ಲೇ ಮಾತಾಡೋಣ್ವಾ?' ಎಂದು ಅದರ ಅರ್ಥ. ವಯಸ್ಸಿನಲ್ಲೋ ಹುದ್ದೆಯಲ್ಲೋ ದೊಡ್ಡವರು ಅದನ್ನು ಕೇಳುವುದು ವಾಡಿಕೆ.

ದಕ್ಷಿಣದ ಕಡೆ, ನೇಪಲ್ಸ್‌ನಂಥ ಊರುಗಳಲ್ಲಿ, ವಯಸ್ಸಾದವರಿಗೆ 'ವೋಯಿ' ಎನ್ನುವುದು ಇನ್ನೂ ಕಿವಿಗೆ ಬೀಳುತ್ತದೆ. ಅದು ನಮ್ಮ ಬಹುವಚನದ ಗೌರವದ ಹಾಗೇ. ಮುಸೊಲಿನಿಯ ಸರ್ಕಾರ 1938ರಲ್ಲಿ ಲೇಯಿಯನ್ನು ತೆಗೆದು ಎಲ್ಲರೂ ವೋಯಿ ಎನ್ನಬೇಕು ಎಂದು ಹೊರಟಿತ್ತು. ಆ ಆಡಳಿತ ಹೋಯಿತು, ಲೇಯಿ ಉಳಿಯಿತು. ನೀವು ಲೇಯಿ ಕಲಿತರೆ ಸಾಕು.

ಹೆಸರಿನ ಬದಲು ಪದವಿ ಹಿಡಿದು ಕರೆಯುವುದೂ ಅಲ್ಲಿ ಉಂಟು. ನಾವು 'ಮೇಷ್ಟ್ರೇ', 'ಡಾಕ್ಟ್ರೇ' ಅನ್ನುತ್ತೇವಲ್ಲ, ಹಾಗೆ. ಇಂಜಿನಿಯರ್‌ಗೆ 'ಇಂಜೆನ್ಯೇರೆ', ವಕೀಲರಿಗೆ 'ಅವ್ವೊಕಾತೊ'. ಡಿಗ್ರಿ ಮುಗಿಸಿದವರಿಗೆಲ್ಲ 'ದೊತ್ತೋರೆ', ಹೆಂಗಸಾದರೆ 'ದೊತ್ತೊರೆಸ್ಸಾ'. ಮೆಚ್ಚುಗೆಯ ಮುಂಚೆ ಈ ಒಂದು ಪದ ಇಟ್ಟರೆ ಮಾತಿನ ಸಲಿಗೆ ಹದಕ್ಕೆ ಬರುತ್ತದೆ.

'ಎಲೆಗಾಂತೆ': ಯಾರಿಗಾದರೂ ಹೇಳಬಹುದು

ಒಂದೇ ಒಂದು ಪದ ಕಲಿಯಲು ಸಮಯವಿದ್ದರೆ ಇದನ್ನು ಕಲಿಯಿರಿ. ಗೌರವದಿಂದ ಹೇಳುವಾಗ 'ಎ ಮೊಲ್ತೊ ಎಲೆಗಾಂತೆ'. ಸಲಿಗೆಯಲ್ಲಿ 'ಸೇಯ್ ಮೊಲ್ತೊ ಎಲೆಗಾಂತೆ'. ಇಟಾಲಿಯನ್‌ನಲ್ಲಿ ಎಷ್ಟೋ ಗುಣವಾಚಕಗಳು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಎಲೆಗಾಂತೆ ಇಬ್ಬರಿಗೂ ಒಂದೇ. ಎಡವುವ ಭಯ ಇಲ್ಲ. ಇಬ್ಬರು ಮೂವರಿಗೆ ಒಟ್ಟಿಗೆ ಹೇಳಿದರೆ 'ಎಲೆಗಾಂತಿ' ಆಗುತ್ತದೆ, ಅಷ್ಟೇ.

ಇದರ ಒಳ್ಳೆಯ ಗುಣ ಏನೆಂದರೆ, ಅದು ಮೈಕಟ್ಟನ್ನೋ ಮುಖವನ್ನೋ ಮುಟ್ಟುವುದಿಲ್ಲ. ಒಪ್ಪವಾಗಿ, ಅಚ್ಚುಕಟ್ಟಾಗಿ, ಅಭಿರುಚಿಯಿಂದ ಬಂದಿದ್ದೀರಿ ಎನ್ನುತ್ತದೆ. ಅರವತ್ತು ವರ್ಷದ ಡೈರೆಕ್ಟರ್‌ಗೂ ಹೇಳಬಹುದು, ನಿನ್ನೆ ಸೇರಿದ ಹುಡುಗನಿಗೂ ಹೇಳಬಹುದು.

ಒಂದು ಸಣ್ಣ ಎಚ್ಚರಿಕೆ. ಕೊನೆಗೆ 'ಒಜ್ಜಿ', ಅಂದರೆ 'ಇವತ್ತು', ಸೇರಿಸಿದರೆ 'ಸೋಲೊ ಒಜ್ಜಿ?' ಎಂಬ ಉತ್ತರ ಬರಬಹುದು. 'ಇವತ್ತು ಮಾತ್ರಾನಾ?' ಅಂತ. ನಗುತ್ತಲೇ ಕೇಳುತ್ತಾರೆ, ಆದರೂ ಹೊಸಬರಿಗೆ ಗಲಿಬಿಲಿ ಆಗುತ್ತದೆ. ಅದಕ್ಕಿಂತ 'ಎಲೆಗಾಂತೆ ಕೋಮೆ ಸೆಂಪ್ರೆ' ಚೆನ್ನ. 'ಎಂದಿನ ಹಾಗೇ ಒಪ್ಪವಾಗಿದ್ದೀರಿ' ಎಂದು ಅದರ ಅರ್ಥ.

ಇನ್ನೂ ಒಂದು ಮೆಟ್ಟಿಲು ಮೇಲಿನದು 'ಇಂಪೆಕ್ಕಾಬಿಲೆ'. ಇದರೊಳಗೆ ಪಾಪ ಮಾಡುವುದು, ತಪ್ಪು ಮಾಡುವುದು ಎಂಬ ಅರ್ಥದ ಹಳೆಯ ಧಾತು ಇದೆ. 'ಎತ್ತಿ ಆಡುವ ಹಾಗೇ ಇಲ್ಲ' ಎಂದು ನಾವು ಹೇಳುತ್ತೇವಲ್ಲ, ಅದೇ ಭಾವ. ಸೂಟು, ಇಸ್ತ್ರಿ, ಶೂ ಎಲ್ಲವೂ ಸರಿಯಾಗಿರುವ ದಿನಕ್ಕೆ ಇದನ್ನು ಎತ್ತಿಡಿ. ದಿನಾ ಹೇಳಿದರೆ ಹಗುರ ಆಗಿಬಿಡುತ್ತದೆ.

'ಕೆ ಬೆಲ್ಲಾ ಜಾಕ್ಕಾ!': ಸುಲಭ, ಆದರೆ ಲಿಂಗ ನೋಡಿಕೊಳ್ಳಿ

'ಎಂಥ ಚೆಂದದ ಜಾಕೆಟ್!' ಇದು ಕಾರಿಡಾರ್‌ನಲ್ಲಿ, ಲಿಫ್ಟ್‌ನಲ್ಲಿ, ಕಾಫಿ ಯಂತ್ರದ ಮುಂದೆ ಹೇಳುವ ಮಾತು. ತು ಅಥವಾ ಲೇಯಿ ಎಂಬ ತಲೆಬಿಸಿ ಇಲ್ಲ, ಏಕೆಂದರೆ ವಾಕ್ಯದಲ್ಲಿ 'ನೀವು' ಎಂಬುದೇ ಬರುವುದಿಲ್ಲ. ಯಾರ ಜೊತೆ ಯಾವ ವಚನ ಬಳಸಬೇಕೆಂದು ಗೊತ್ತಾಗದೆ ಇದ್ದಾಗ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ತೊಡಕು ಇರುವುದು 'ಬೆಲ್ಲಾ' ಪದದಲ್ಲಿ. ಜಾಕ್ಕಾ ಸ್ತ್ರೀಲಿಂಗ, ಆದ್ದರಿಂದ ಬೆಲ್ಲಾ. ಸೂಟಿಗೆ 'ಕೊಂಪ್ಲೇತೊ' ಎನ್ನುತ್ತಾರೆ. ಅದು ಪುಲ್ಲಿಂಗ, ಹಾಗಾಗಿ 'ಕೆ ಬೆಲ್ ಕೊಂಪ್ಲೇತೊ'. ಸ್ವರದಿಂದ ಶುರುವಾಗುವ 'ಆಬಿತೊ' ಬಂದರೆ ಎರಡೂ ಕೂಡಿಕೊಂಡು 'ಕೆ ಬೆಲ್ಲಾಬಿತೊ'. ನಮ್ಮ ಲೋಪಸಂಧಿ ನೆನಪಾಗುತ್ತದೆ, ಅಲ್ವಾ? ಶೂ ಎರಡಾದ್ದರಿಂದ ಬಹುವಚನ: 'ಕೆ ಬೆಲ್ಲೆ ಸ್ಕಾರ್ಪೆ'. ನಿಯಮ ಬಾಯಿಪಾಠ ಮಾಡುವ ಬದಲು ಜಾಕೆಟ್, ಸೂಟ್, ಶೂ, ಟೈ ಈ ನಾಲ್ಕಕ್ಕೆ ಇಡೀ ವಾಕ್ಯವನ್ನೇ ಕಲಿಯಿರಿ. ಟೈ ಅಂದರೆ 'ಕ್ರವಾತ್ತಾ'. ಹೆಂಗಸರು ಆಫೀಸಿಗೆ ಹಾಕುವ ಸೂಟಿಗೆ ಫ್ರೆಂಚ್‌ನಿಂದ ಬಂದ 'ತಾಯೆರ್' ಎಂಬ ಪದವಿದೆ.

ಕನ್ನಡಕದ ಬಗ್ಗೆ ಮಾತ್ರ ಹುಷಾರು. 'ಕೆ ಬೆಲ್ಯಿ ಒಕ್ಕ್ಯಾಲಿ' ಅಂದರೆ ಎಷ್ಟು ಚೆಂದದ ಕನ್ನಡಕ. ಕೊನೆಯ ಅಕ್ಷರ ನುಂಗಿ 'ಕೆ ಬೆಲ್ಯಿ ಒಕ್ಕಿ' ಅಂದುಬಿಟ್ಟರೆ 'ಎಷ್ಟು ಚೆಂದದ ಕಣ್ಣು' ಎಂದಾಗುತ್ತದೆ. ಉಚ್ಚಾರ ಗಟ್ಟಿಯಾಗುವವರೆಗೆ ಕನ್ನಡಕದ ಸುದ್ದಿಗೆ ಹೋಗಬೇಡಿ.

'ಲೆ ಸ್ತಾ ಬೇನೆ': ನನ್ನ ಆಯ್ಕೆ ಇದು

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತಿಗೆ ಬರುತ್ತೇನೆ. 'ಲೆ ಸ್ತಾ ಮೊಲ್ತೊ ಬೇನೆ ಕ್ವೆಸ್ತಾ ಜಾಕ್ಕಾ.' ಇದನ್ನು ಇಂಗ್ಲಿಷ್ ಮೂಲಕ ಕಲಿಯಲು ಹೊರಟಾಗ ನನಗೆ ತಲೆಯೇ ಓಡಲಿಲ್ಲ. ಇಂಗ್ಲಿಷ್‌ನಲ್ಲಿ 'ನೀವು ಚೆನ್ನಾಗಿ ಕಾಣುತ್ತೀರಿ' ಎಂದು ಶುರು ಮಾಡುತ್ತಾರೆ, ಅಲ್ಲಿ ಕರ್ತೃ 'ನೀವು'. ಇಟಾಲಿಯನ್‌ನಲ್ಲಿ ಕರ್ತೃ ಜಾಕೆಟ್. 'ಲೆ' ಅಂದರೆ 'ನಿಮಗೆ'. ನಿಮಗೆ, ಚೆನ್ನಾಗಿ, ನಿಲ್ಲುತ್ತದೆ, ಈ ಜಾಕೆಟ್.

ನಿಮಗೆ ಈ ಜಾಕೆಟ್ ಚೆನ್ನಾಗಿ ಒಪ್ಪುತ್ತೆ! ಅಪ್ಪನ ಮಾತು ಅಕ್ಷರಶಃ ಇದೇ. ನಮ್ಮ ಚತುರ್ಥಿ ವಿಭಕ್ತಿ ಇದ್ದ ಜಾಗದಲ್ಲೇ ಇದೆ. ಕನ್ನಡ ಬಲ್ಲವರು ಇಂಗ್ಲಿಷ್ ದಾರಿ ಬಿಟ್ಟು ನೇರವಾಗಿ ಕನ್ನಡದಿಂದ ಇಟಾಲಿಯನ್‌ಗೆ ಹೋದರೆ ಈ ವಾಕ್ಯ ಒಂದು ಬೆಳಗ್ಗೆಯಲ್ಲಿ ಬರುತ್ತದೆ. ಸಲಿಗೆಯವರಿಗೆ 'ಲೆ' ಬದಲು 'ತಿ': 'ತಿ ಸ್ತಾ ಬೇನೆ ಕ್ವೆಸ್ತಾ ಜಾಕ್ಕಾ'. ಬಹುವಚನದ ವಸ್ತುವಾದರೆ 'ಸ್ತಾ' ಹೋಗಿ 'ಸ್ತಾನ್ನೊ'.

ಬಣ್ಣದ ಬಗ್ಗೆ ಹೇಳಲು 'ದೋನಾ' ಇದೆ: 'ಕ್ವೆಸ್ತೊ ಕೊಲೋರೆ ಲೆ ದೋನಾ'. ದೊನಾರೆ ಅಂದರೆ ಕೊಡುವುದು. ಈ ಬಣ್ಣ ನಿಮಗೆ ಏನೋ ಒಂದು ಕೊಡುತ್ತದೆ. ಮುಖಕ್ಕೆ ಕಳೆ ಕೊಡುತ್ತೆ ಎಂದು ನಮ್ಮಲ್ಲೂ ಹೇಳುತ್ತೇವೆ. ನನ್ನ ಹೆಂಡತಿ ಕಂಪನಿಯ ಡಿಸೆಂಬರ್ ಊಟಕ್ಕೆ ನೇರಳೆ ಬಣ್ಣದ ಮೈಸೂರು ಸಿಲ್ಕ್ ಸೀರೆ ಉಟ್ಟು ಬಂದಾಗ ಕೋಮೊ ಊರಿನ ಸಹೋದ್ಯೋಗಿಯೊಬ್ಬರು ಅವಳಿಗೆ ಹೇಳಿದ್ದು ಇದೇ ಮಾತು. ಆಮೇಲೆ ಸೆರಗಿನ ಅಂಚನ್ನು ನೋಡುತ್ತಾ 'ಕೆ ಬೆಲ್ ತೆಸ್ಸೂತೊ' ಅಂದರು, ಎಂಥ ಒಳ್ಳೆ ಬಟ್ಟೆ ಅಂತ. ಕೋಮೊ ಇಟಲಿಯ ರೇಷ್ಮೆಯ ಊರು, ಟೈ ಮತ್ತು ಸ್ಕಾರ್ಫಿಗೆ ಹೆಸರಾದದ್ದು. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ಶುರುವಾಯಿತು ಎಂದು ನಾನು ಹೇಳಿದೆ. ಆಮೇಲೆ ಅವರಿಬ್ಬರ ಮಾತು ನೂಲು, ಜರಿ ಎಂದು ಊಟ ಮುಗಿಯುವವರೆಗೂ ನಿಲ್ಲಲಿಲ್ಲ.

ಅಳತೆ ಸರಿಯಾಗಿ ಕೂತ ಬಟ್ಟೆಗೆ ಇನ್ನೊಂದು ಮಾತು: 'ಲೆ ಸ್ತಾ ಆ ಪೆನ್ನೆಲ್ಲೊ'. ಪೆನ್ನೆಲ್ಲೊ ಅಂದರೆ ಚಿತ್ರ ಬರೆಯುವ ಕುಂಚ. ಕುಂಚದಲ್ಲಿ ಬರೆದ ಹಾಗಿದೆ ಎನ್ನುವುದು ಭಾವ. ಭುಜ, ಸೊಂಟ ಎಲ್ಲ ಕಡೆ ಬಟ್ಟೆ ಚೆನ್ನಾಗಿ ಇಳಿದಿದ್ದರೆ 'ಕಾದೆ ಬೇನೆ' ಎನ್ನುತ್ತಾರೆ, ಚೆನ್ನಾಗಿ ಬೀಳುತ್ತದೆ ಎಂದು. ಆದರೆ ಈ ಎರಡನ್ನೂ ಹತ್ತಿರದವರಿಗೆ ಮಾತ್ರ ಹೇಳಿ. ಅಳತೆಯ ಮಾತು ಅಂದರೆ ಸ್ವಲ್ಪ ಮೈಯ ಮಾತೂ ಹೌದು.

ಈ ಗುಂಪಿನಲ್ಲಿ ಒಂದು ಗುಂಡಿ ಇದೆ. ವಸ್ತುವಿನ ಹೆಸರು ಬಿಟ್ಟು ಬರೀ 'ತಿ ಸ್ತಾ ಬೇನೆ!' ಅಂದರೆ, ದನಿ ಸ್ವಲ್ಪ ಆಚೀಚೆಯಾದರೂ ಸಾಕು, 'ನಿನಗೆ ಹಾಗೇ ಆಗಬೇಕು!' ಎಂದು ಕೇಳಿಸಬಹುದು. ತಿರುಗಿಸಿ 'ಬೆನ್ ತಿ ಸ್ತಾ' ಅಂದರೆ ಅನುಮಾನವೇ ಬೇಡ, ಅದು 'ತಕ್ಕ ಶಾಸ್ತಿ' ಎಂದೇ. ಆದ್ದರಿಂದ ಜಾಕ್ಕಾ, ಕ್ರವಾತ್ತಾ, ಕೊಲೋರೆ, ಏನನ್ನಾದರೂ ಹೆಸರಿಸಿಯೇ ಹೇಳಿ.

ಆಯ್ಕೆಯನ್ನು ಹೊಗಳುವುದು

ಇಟಲಿಯವರಿಗೆ ಬಟ್ಟೆ ಚೆನ್ನಾಗಿದೆ ಎಂದರೆ ಸಂತೋಷ. ನೀವು ಆರಿಸಿದ್ದು ಚೆನ್ನಾಗಿದೆ ಎಂದರೆ ಇನ್ನೂ ಸಂತೋಷ. 'ಮಿ ಪ್ಯಾಚೆ ಮೊಲ್ತೊ ಲಬ್ಬಿನಮೆಂತೊ.' ಅಬ್ಬಿನಮೆಂತೊ ಅಂದರೆ ನಾವು ಮ್ಯಾಚಿಂಗ್ ಎನ್ನುವುದು: ಟೈಗೆ ಅಂಗಿ, ಶೂಗೆ ಬೆಲ್ಟ್, ಜಾಕೆಟ್‌ಗೆ ಪ್ಯಾಂಟು. ಅದಕ್ಕಾಗಿ ಬೆಳಗ್ಗೆ ಬೀರು ಮುಂದೆ ಹತ್ತು ನಿಮಿಷ ನಿಂತವರಿಗೆ ಈ ಮಾತು ಮುಟ್ಟುತ್ತದೆ.

ಬರೀ ಪ್ರಶ್ನೆಯೂ ಮೆಚ್ಚುಗೆ ಆಗಬಲ್ಲದು. 'ಎ ಫಾತ್ತಾ ಸು ಮಿಸೂರಾ?' ಅಂದರೆ 'ಇದು ಅಳತೆ ಕೊಟ್ಟು ಹೊಲಿಸಿದ್ದಾ?' ಬಿಯೆಲ್ಲಾ ಕಡೆಯ ಉಣ್ಣೆ, ನೇಪಲ್ಸ್‌ನ ಹೊಲಿಗೆ ಎಂದರೆ ಅಲ್ಲಿ ದೊಡ್ಡ ಹೆಸರು. ನೇಪಲ್ಸ್‌ನ ದರ್ಜಿಗಳು ಜಾಕೆಟ್‌ನ ಭುಜಕ್ಕೆ ಪ್ಯಾಡ್ ತುಂಬುವುದಿಲ್ಲ, ತುಂಬಿದರೂ ತೀರಾ ತೆಳು. ತೋಳನ್ನು ಅಂಗಿಯ ತೋಳಿನ ಹಾಗೆ ಸಣ್ಣ ಸುಕ್ಕು ಕೊಟ್ಟು ಕೂರಿಸುತ್ತಾರೆ. ಈ ಕೆಲಸ ಈಗ ದುಬಾರಿ, ಹಾಗಾಗಿ ಆ ಪ್ರಶ್ನೆಯೇ ದೊಡ್ಡ ಗೌರವ. ಅಪ್ಪ ಹೊಲಿದ ಬೂದು ಬಣ್ಣದ ಜಾಕೆಟ್ ಹಾಕಿಕೊಂಡು ಹೋದ ದಿನ ನನ್ನನ್ನೂ ಒಬ್ಬರು ಹೀಗೇ ಕೇಳಿದರು. 'ಲಾ ಫಾತ್ತಾ ಮಿಯೊ ಪಾದ್ರೆ' ಅಂದೆ, ನಮ್ಮಪ್ಪ ಹೊಲಿದದ್ದು ಎಂದು. ಅವರು ತೋಳಿನ ಕಾಜಗಳನ್ನು ಒಂದೊಂದಾಗಿ ನೋಡಿ, ಕೈಹೊಲಿಗೆ ಎಂದು ಗುರುತಿಸಿದರು. ರಾತ್ರಿ ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು, "ಕಾಜ ನೋಡಿದ್ರಾ? ಹಂಗಾರೆ ಅವರಿಗೆ ಕೆಲಸ ಗೊತ್ತೈತಿ."

ಇವನ್ನು ಆಫೀಸಿನಾಚೆ ಬಿಡಿ

'ಬೆಲ್ಲಾ', 'ಬೆಲ್ಲಿಸ್ಸಿಮಾ', ಮುದ್ದಾಗಿದೆ ಎನ್ನುವ 'ಕರೀನಾ' ಇವು ವಸ್ತುವಿಗೆ ಸರಿ, ಸಹೋದ್ಯೋಗಿಗೆ ಬೇಡ. ಗೆಳತಿಯರು ಒಬ್ಬರಿಗೊಬ್ಬರು 'ಚಾವ್ ಬೆಲ್ಲಾ' ಎನ್ನುವುದನ್ನು ನೀವು ದಿನಾ ಕೇಳುತ್ತೀರಿ. ಅದು ಅವರವರ ನಡುವಿನ ಬಳಕೆ. ಗಂಡಸು, ಅದರಲ್ಲೂ ಮೇಲಿನ ಹುದ್ದೆಯವನು, ಕೈಕೆಳಗಿನ ಹೆಂಗಸಿಗೆ ಹಾಗೆ ಅಂದರೆ ತೂಕ ಪೂರಾ ಬದಲಾಗುತ್ತದೆ. 'ಸೇಯ್ ಉನೊ ಸ್ಕಿಯಾಂತೊ' ಎಂಬುದನ್ನಂತೂ ಆಫೀಸಿನಲ್ಲಿ ಬಾಯಿಗೇ ತರಬೇಡಿ. ಅದು ಕಂಡ ಕೂಡಲೇ ಬೆರಗಾದೆ ಎನ್ನುವ ಪ್ರೇಮಿಗಳ ಧಾಟಿ. 'ಫೀಗೊ' ಎಂಬ ಹುಡುಗರ ಮಾತಿಗೆ 'ಮಸ್ತ್' ಎನ್ನುವ ಅರ್ಥವಿದೆ. ಆದರೆ ಅದರ ಸ್ತ್ರೀಲಿಂಗ ರೂಪ ಅಶ್ಲೀಲ.

ಇದು ಬರೀ ಶಿಷ್ಟಾಚಾರದ ವಿಷಯ ಅಲ್ಲ. ಇಟಲಿಯ 2006ರ ಸಮಾನ ಅವಕಾಶಗಳ ಸಂಹಿತೆಯ ಪ್ರಕಾರ, ಕೆಲಸದ ಜಾಗದಲ್ಲಿ ಎದುರಿನವರಿಗೆ ಬೇಡವಾದ, ಅವರ ಘನತೆಗೆ ಧಕ್ಕೆ ತರುವ ನಡತೆ ಕಿರುಕುಳವಾಗುತ್ತದೆ. ಮಾತಿನಲ್ಲಿ ಆದದ್ದೂ ಅದರಲ್ಲಿ ಸೇರಿದೆ.

ಇನ್ನೊಂದು, ಕೆಟ್ಟದ್ದಲ್ಲದಿದ್ದರೂ ತಪ್ಪು ಆಯ್ಕೆ: 'ಸೆಂಬ್ರಾ ಪ್ರೊಫೆಸ್ಸಿಯೊನಾಲೆ'. ಪ್ರೊಫೆಷನಲ್ ಆಗಿ ಕಾಣುತ್ತೀರಿ ಎಂದು ಹೇಳಲು ಹೋಗಿ, 'ಹಾಗೆ ಕಾಣುತ್ತೀರಿ, ಹೌದೋ ಅಲ್ಲವೋ' ಎಂಬ ಅನುಮಾನ ಬೆರೆತುಬಿಡುತ್ತದೆ. ಕನ್ನಡದಲ್ಲೂ 'ಮೇಷ್ಟ್ರ ಥರ ಕಾಣ್ತೀರಿ' ಅಂದರೆ ಹಾಗೇ ಅಲ್ವಾ?

ಅಂತರ್ಜಾಲದಲ್ಲಿ ಹುಡುಕಿದರೆ 'ಸ್ಪ್ರೆತ್ಸಾತೂರಾ' ಎಂಬ ಪದ ಸಿಗುತ್ತದೆ. ಕಷ್ಟಪಟ್ಟದ್ದು ಕಾಣದ ಹಾಗೆ ಸಲೀಸಾಗಿ ಇರುವ ಗುಣ ಅದು. ಕಾಸ್ತಿಲ್ಯೋನೆ ಎಂಬ ಇಟಲಿಯ ಲೇಖಕನ, 1528ರಲ್ಲಿ ಅಚ್ಚಾದ ಪುಸ್ತಕದಿಂದ ಹೆಸರಾದ ಪದ. ಓದಿ ತಿಳಿಯಲು ಬಹಳ ಚೆನ್ನಾಗಿದೆ. ಯಾರ ಎದುರಿಗೂ ನಿಂತು ಹೇಳುವ ಮಾತಲ್ಲ.

ಸಂದರ್ಭ ನೋಡಿ

ಸಂದರ್ಶನಕ್ಕೆ ಹೋದಾಗ ಎದುರಿಗಿರುವವರ ಉಡುಪಿನ ಬಗ್ಗೆ ಏನೂ ಹೇಳಬೇಡಿ. ಒಳ್ಳೆಯ ಮಾತೂ ಓಲೈಕೆ ಅನಿಸುತ್ತದೆ. ಮಿಲಾನ್‌ನಲ್ಲಿ ಏಪ್ರಿಲ್‌ನ ಪೀಠೋಪಕರಣ ಮೇಳ, ಫ್ಲಾರೆನ್ಸ್‌ನಲ್ಲಿ ಜನವರಿ ಮತ್ತು ಜೂನ್‌ನಲ್ಲಿ ನಡೆಯುವ ಗಂಡಸರ ಉಡುಪಿನ ಮೇಳ 'ಪಿತ್ತಿ ಊಮೊ', ಇಂಥ ಕಡೆ ಧಾರಾಳವಾಗಿ ಹೇಳಿ. ಅಲ್ಲಿ ಎಲ್ಲರೂ ನೋಡಲಿ ಎಂದೇ ಬಂದಿರುತ್ತಾರೆ. ಬಡ್ತಿ ಸಿಕ್ಕವರಿಗೆ, ಭಾಷಣ ಮುಗಿಸಿದವರಿಗೆ ಬರೀ 'ಕೊಂಪ್ಲಿಮೆಂತಿ!' ಸಾಕು. ಅದು ಕೆಲಸಕ್ಕೂ ಉಡುಪಿಗೂ ಸೇರಿ ಆಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹೊಸ ಫೋಟೊ ಕಂಡರೆ 'ಬೆಲ್ಲಾ ಫೋತೊ'. ಅಲ್ಲಿ ಬೆಲ್ಲಾ ಸೇರುವುದು ಫೋಟೊಗೆ. ಬಹಳ ಔಪಚಾರಿಕವಾದ ಇಮೇಲ್‌ನಲ್ಲಿ ಲೇಯಿ, ಲೆ ಎರಡರ ಮೊದಲ ಅಕ್ಷರವನ್ನೂ ದೊಡ್ಡದಾಗಿ ಬರೆಯುವುದು ಗೌರವ.

ನಾಲಿಗೆ ತಿರುಗಿಸುವುದು

ಇದರಲ್ಲಿ ಕನ್ನಡದವರಿಗೆ ಕಷ್ಟವೇ ಇಲ್ಲ. ಇಟಾಲಿಯನ್ ಪದಗಳೂ ನಮ್ಮ ಪದಗಳ ಹಾಗೆ ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಒತ್ತಕ್ಷರ ಅಲ್ಲಿಯೂ ಗಟ್ಟಿ: ಜಾಕ್ಕಾ, ಕ್ರವಾತ್ತಾ, ಬೆಲ್ಲಾ. ಇಂಗ್ಲಿಷ್‌ನವರು ಈ ದ್ವಿತ್ವಕ್ಕೆ ಒದ್ದಾಡುತ್ತಾರೆ, ನಮಗೆ ಅಕ್ಕ, ಅಜ್ಜಿ ಎಂದು ಹುಟ್ಟಿನಿಂದ ಬಂದದ್ದು. ಒಂದೇ ಒಂದು ಕಡೆ ಇಂಗ್ಲಿಷ್ ಅಭ್ಯಾಸ ಕೈಕೊಡುತ್ತದೆ. 'ಸ್ಟಾ' ಅನ್ನಬೇಡಿ, 'ಸ್ತಾ' ಅನ್ನಿ. ಅಲ್ಲಿಯ ತ ನಮ್ಮ ತ, ನಮ್ಮ ಟ ಅಲ್ಲ. ನೆನಪಿಗೆ ಇನ್ನೊಂದು: ಬೆಲ್ಲಾ ನಮ್ಮ ಬೆಲ್ಲದ ಹಾಗೇ ಸಿಹಿ, ಆದರೆ 'ಬೇನೆ'ಯಲ್ಲಿ ನೋವಿಲ್ಲ, ಅಲ್ಲಿ ಅದು 'ಚೆನ್ನಾಗಿ'.

ನಿಮಗೇ ಯಾರಾದರೂ ಹೇಳಿದರೆ

'ಗ್ರಾತ್ಸಿಯೆ, ಎ ಮೊಲ್ತೊ ಜೆಂತೀಲೆ' ಎನ್ನಿ. ನೀವು ಒಳ್ಳೆ ಮಾತಾಡಿದಿರಿ, ಥ್ಯಾಂಕ್ಸ್ ಎಂದು. ಸಲಿಗೆಯವರಾದರೆ 'ಗ್ರಾತ್ಸಿಯೆ, ಕೆ ಜೆಂತೀಲೆ'. 'ಅಯ್ಯೋ, ಹಳೇ ಸೀರೆ ಇದು' ಎಂದು ನಾವು ಸಂಕೋಚ ಪಡುವ ಹಾಗೆ ಅವರೂ 'ಮಾ ದಾಯ್, ಎ ವೆಕ್ಕಿಯಾ' ಎನ್ನುವುದುಂಟು, 'ಬಿಡಿ, ಇದು ಹಳೇದು' ಎಂದು. ಒಂದು ಸಲ ಹಾಗೆ ಹೇಳಿದರೆ ಚೆಂದ. ಅವರು ಮತ್ತೆ ಹೇಳಿದರೆ ಸುಮ್ನೆ ಗ್ರಾತ್ಸಿಯೆ ಹೇಳಿ, ಎಲ್ಲಿ ಹೊಲಿಸಿದ್ದು ಅಂತ ಕೇಳಿದರೆ ಊರಿನ ಹೆಸರು ಹೇಳಿ.